ಸಾವಿರ ಅಡಿ ಆಳದ ಕರೆಂಟು

ಮನೆಯಲ್ಲಿ ಕರೆಂಟ್ ಉಳಿಸುವ ಮಾತು ಬಂದರೆ ಎಲ್ಲರ ಕಣ್ಣೂ ಮೊದಲು ಬಲ್ಬಿನ ಮೇಲೆ ಬೀಳುತ್ತದೆ. ಕೋಲಾರದ ಕಡೆಯವರು ಮೊದಲು ನಲ್ಲಿ ನೋಡಬೇಕು ಅನ್ನುವುದು ನನ್ನ ವಾದ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಬೋರ್‌ವೆಲ್ಲೇ ಗತಿ, ಅದೂ ಎಷ್ಟೋ ಕಡೆ ಸಾವಿರ ಅಡಿ ದಾಟಬೇಕು. ನೀರು ಅಷ್ಟು ಆಳದಲ್ಲಿ, ಅಂದರೆ 300 ಮೀಟರ್ ಕೆಳಗೆ ಇದೆ ಅಂದುಕೊಳ್ಳಿ. ಅಲ್ಲಿಂದ 1,000 ಲೀಟರ್ ಎತ್ತಲು ಭೌತವಿಜ್ಞಾನದ ಲೆಕ್ಕದಲ್ಲಿ 0.8 ಯೂನಿಟ್ ಸಾಕು. ಆದರೆ ಮೋಟರ್ ಬಿಸಿಯಾಗುತ್ತದೆ, ಪಂಪಿನ ಇಂಪೆಲ್ಲರ್ (ನೀರನ್ನು ತಳ್ಳುವ ತಿರುಗುಚಕ್ರ) ಮರಳಿಗೆ ಸವೆಯುತ್ತದೆ, ಪೈಪಿನ ಒಳಮೈ ನೀರನ್ನು ತಡೆಯುತ್ತದೆ. ಇಷ್ಟೆಲ್ಲ ಕಳೆದು ನೀರು ಮೇಲೆ ಬರುವಷ್ಟರಲ್ಲಿ ಹತ್ತಿರ ಹತ್ತಿರ 2 ಯೂನಿಟ್ ಖರ್ಚಾಗಿರುತ್ತದೆ.

ನಾಲ್ಕು ಜನರ ಮನೆಗೆ ದಿನಕ್ಕೆ 400 ಲೀಟರ್ ಅಂದರೆ 0.8 ಯೂನಿಟ್ ಆಯಿತು. ಅದೇ ಮನೆಯಲ್ಲಿ 9 ವಾಟ್‌ನ ನಾಲ್ಕು ಎಲ್‌ಇಡಿ ಬಲ್ಬು ಐದು ಗಂಟೆ ಉರಿದರೂ 0.2 ಯೂನಿಟ್ ಮುಟ್ಟುವುದಿಲ್ಲ. ಬೆಳಕಿನ ನಾಲ್ಕರಷ್ಟು ಕರೆಂಟು ನೀರಿಗೇ ಹೋಯಿತಲ್ವಾ? ಊರಿನ ಬೋರ್‌ವೆಲ್ ಮೀಟರ್ ಪಂಚಾಯಿತಿಯದು, ಹಾಗಾಗಿ ಇದು ನಮ್ಮ ಬಿಲ್ಲಿನಲ್ಲಿ ಕಾಣುವುದಿಲ್ಲ. 2023ರಲ್ಲಿ ಗೃಹಜ್ಯೋತಿ ಬಂದ ಮೇಲಂತೂ ಎಷ್ಟೋ ಮನೆಗಳಲ್ಲಿ ಬಿಲ್ಲನ್ನೇ ಯಾರೂ ತಿರುಗಿಸಿ ನೋಡುವುದಿಲ್ಲ.

ಐನೂರು ಮನೆಯ ಹಳ್ಳಿಗೆ ಇದೇ ಲೆಕ್ಕ ಹಾಕಿದರೆ ನೀರಿಗೆ ದಿನಕ್ಕೆ 400 ಯೂನಿಟ್. ನಮ್ಮ ದೇಶದ ವಿದ್ಯುತ್ ಜಾಲವಾದ ಗ್ರಿಡ್‌ನಲ್ಲಿ ಕಲ್ಲಿದ್ದಲಿನ ಕರೆಂಟೇ ಜಾಸ್ತಿ. ಒಂದು ಯೂನಿಟ್‌ಗೆ ಸರಾಸರಿ 0.7 ಕಿಲೋ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಕಾಲು ಭಾಗ ನೀರು ಉಳಿಸಿದರೂ ವರ್ಷಕ್ಕೆ 25 ಟನ್ ಕಡಿಮೆಯಾಗುತ್ತದೆ.

ಕಾಲು ಭಾಗ ಉಳಿಸುವುದು ಕಷ್ಟ ಅನ್ನಬೇಡಿ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿ ದಿನಕ್ಕೆ ಸುಮಾರು ಒಂದು ಬಕೆಟ್ ಸುರಿಸುತ್ತದೆ. ವಾಷರ್ ಬದಲಿಸಲು ಹತ್ತು ನಿಮಿಷ ಸಾಕು. ಇನ್ನು ಫ್ಲೋರೈಡ್ ಭಯಕ್ಕೆ ಮನೆಗೆ ತಂದ ಆರ್‌ಒ ಮಷಿನ್ನು, ಒಂದು ಲೀಟರ್ ಕೊಟ್ಟು ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಪಾತಾಳದಿಂದ ಎತ್ತಿದ ನೀರು ಸುಮ್ನೆ ಮೋರಿಗೆ! ಆ ಪೈಪನ್ನು ಒಂದು ಬಕೆಟ್‌ಗೆ ಬಿಟ್ಟರೆ ನೆಲ ಒರೆಸಲು, ಕಕ್ಕಸಿಗೆ ಧಾರಾಳವಾಗಿ ಆಗುತ್ತದೆ.

ಬಿಸಿನೀರಿನ ಲೆಕ್ಕ ಬೇರೆಯೇ. 20 ಲೀಟರಿನ ಒಂದು ಬಕೆಟ್ ಸ್ನಾನದ ನೀರು ಕಾಯಿಸಲು ಗೀಸರ್‌ಗೆ ಅರ್ಧ ಯೂನಿಟ್ ಬೇಕು. ಅಷ್ಟೇ ನೀರು ಎತ್ತಿದ್ದಕ್ಕಿಂತ ಹತ್ತುಪಟ್ಟಿಗೂ ಮಿಗಿಲು! ಮಾಳಿಗೆಯ ಮೇಲೆ ಸೋಲಾರ್ ಹೀಟರ್ ಇದ್ದವರು ಇಲ್ಲಿ ಗೆದ್ದರು.

ನೀರು ಯಾವ ಹೊತ್ತಿನಲ್ಲಿ ಎತ್ತುತ್ತೇವೆ ಅನ್ನುವುದೂ ಮುಖ್ಯ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಮಧ್ಯಾಹ್ನ ಅದರಂಥವು ಗ್ರಿಡ್‌ಗೆ ಧಂಡಿಯಾಗಿ ಕರೆಂಟು ಕೊಡುತ್ತವೆ. ಸಂಜೆ ಏಳಕ್ಕೆ ಎಲ್ಲ ಮನೆಯಲ್ಲೂ ದೀಪ, ಟಿವಿ, ಮಿಕ್ಸಿ ಓಡುವಾಗ ಸೂರ್ಯ ಇರುವುದಿಲ್ಲ. ನೀರಿಗಾದರೆ ಟ್ಯಾಂಕ್ ಇದೆ, ಮಧ್ಯಾಹ್ನವೇ ತುಂಬಿಟ್ಟುಕೊಳ್ಳಬಹುದು. ಊರಿನ ನೀರುಗಂಟಿ ಓವರ್‌ಹೆಡ್ ಟ್ಯಾಂಕಿನ ಮೋಟರನ್ನು ಸಂಜೆಯ ಬದಲು ಹನ್ನೆರಡಕ್ಕೆ ಹಾಕಿದರೆ ಒಂದು ಪೈಸೆಯೂ ಖರ್ಚಿಲ್ಲ. ಮೋಟರಿಗೆ ಬೇಕಾದ ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೋ ಆಗಲೇ ಹಾಕಬೇಕಾದ ಊರುಗಳೂ ಇವೆ, ಅಲ್ಲಿ ಪಂಚಾಯಿತಿಯೇ ಹಗಲಿನ ಸರಬರಾಜು ಕೇಳಿ ಪಡೆಯಬೇಕು.