ನೂನಾವುಟ್ ಯಾಕೆ ಪ್ರಾಂತ್ಯವಲ್ಲ?

ಕೆನಡಾದ ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್ ನಮ್ಮ ಹಾಸನ ಜಿಲ್ಲೆಗಿಂತ ಚಿಕ್ಕದು, ಆದರೂ ನಮ್ಮ ರಾಜ್ಯಗಳ ಹಾಗೆ ಪೂರ್ಣ ಪ್ರಾಂತ್ಯ. ಅದೇ ದೇಶದ ಉತ್ತರದ ತುದಿಯ ನೂನಾವುಟ್ ಸುಮಾರು 20 ಲಕ್ಷ ಚದರ ಕಿ.ಮೀ., ಕರ್ನಾಟಕದ ಹತ್ತು ಪಟ್ಟಿಗೂ ಹೆಚ್ಚು. ಅದು ಬರೀ ಟೆರಿಟರಿ, ಹೆಚ್ಚುಕಡಿಮೆ ನಮ್ಮ ಕೇಂದ್ರಾಡಳಿತ ಪ್ರದೇಶದ ಹಾಗೆ. ಅಲ್ಲಿ ಜನ ಕಡಿಮೆ (2021ರಲ್ಲಿ 37 ಸಾವಿರದಷ್ಟು), ಅದಕ್ಕೇ ಹೀಗೆ ಎಂದು ಹೇಳಿ ಕೈತೊಳೆದುಕೊಳ್ಳುವವರೇ ಹೆಚ್ಚು. ಅದು ಅರ್ಧ ಉತ್ತರ.

ನೋಡಬೇಕಾದದ್ದು ಅಧಿಕಾರ ಎಲ್ಲಿಂದ ಬಂತು ಎಂಬುದನ್ನು. ಆಸ್ಪತ್ರೆ, ಪುರಸಭೆ, ಆಸ್ತಿ ವ್ಯವಹಾರಗಳನ್ನು 1867ರ ಸಂವಿಧಾನದ 92ನೇ ಸೆಕ್ಷನ್ ನೇರವಾಗಿ ಪ್ರಾಂತ್ಯಗಳಿಗೆ ಕೊಟ್ಟಿದೆ, ಶಿಕ್ಷಣವನ್ನು 93ನೆಯದು. ರಾಜಧಾನಿ ಒಟ್ಟಾವಾದ ಕೇಂದ್ರ ಸಂಸತ್ತು ಇವನ್ನು ತಾನೇ ಕಿತ್ತುಕೊಳ್ಳುವಂತಿಲ್ಲ. ಟೆರಿಟರಿಗಳೂ ಶಾಲೆ, ಆಸ್ಪತ್ರೆ ನಡೆಸುತ್ತವೆ, ಆದರೆ ಸಂಸತ್ತಿನ ಸಾಮಾನ್ಯ ಕಾಯ್ದೆಯೊಂದರ ಬಲದ ಮೇಲೆ. ಜಿಪಿಎ ಇದ್ದವರು ಸೈಟಿನ ವ್ಯವಹಾರವೆಲ್ಲ ನೋಡಿಕೊಳ್ಳಬಹುದು, ಖಾತೆ ಮಾತ್ರ ಇನ್ನೊಬ್ಬರ ಹೆಸರಲ್ಲಿ, ಇದೂ ಹಾಗೆಯೇ.

ವ್ಯತ್ಯಾಸ ಕಣ್ಣಿಗೆ ಬೀಳುವುದು ಜಮೀನು, ಗಣಿಗಳ ವಿಷಯ ಬಂದಾಗ. ಪ್ರಾಂತ್ಯದ ಸರ್ಕಾರಿ ಭೂಮಿ, ಖನಿಜ ಪ್ರಾಂತ್ಯದ್ದೇ. (ಆಲ್ಬರ್ಟಾ, ಸಸ್ಕಾಚೆವಾನ್ 1905ರಲ್ಲೇ ಪ್ರಾಂತ್ಯಗಳಾದರೂ ಒಟ್ಟಾವಾ ಅವುಗಳ ಭೂಮಿ ಬಿಟ್ಟುಕೊಟ್ಟದ್ದು 1930ರಲ್ಲಿ!) ಟೆರಿಟರಿಗಳು ಇದಕ್ಕೆ ಮಾತುಕತೆ ನಡೆಸಬೇಕು. ಯೂಕಾನ್‌ಗೆ ಈ ಹಿಡಿತ ಸಿಕ್ಕಿದ್ದು 2003ರಲ್ಲಿ, ನಾರ್ತ್‌ವೆಸ್ಟ್ ಟೆರಿಟರೀಸ್‌ಗೆ 2014ರಲ್ಲಿ. ನೂನಾವುಟ್ ಒಪ್ಪಂದಕ್ಕೆ ಸಹಿ ಬಿದ್ದದ್ದು 2024ರ ಜನವರಿಯಲ್ಲಿ. ಹಸ್ತಾಂತರಕ್ಕೆ ಇಟ್ಟುಕೊಂಡ ಗಡುವು 2027ರ ಏಪ್ರಿಲ್.

ಇನ್ನೊಂದು ಗೊಂದಲ: ನಮ್ಮಲ್ಲಿ ಲೆಫ್ಟಿನೆಂಟ್ ಗವರ್ನರ್ ಇರುವುದು ಕೇಂದ್ರಾಡಳಿತ ಪ್ರದೇಶಗಳಲ್ಲಿ, ಅಲ್ಲಿ ಪ್ರಾಂತ್ಯಗಳಲ್ಲಿ. ಟೆರಿಟರಿಗೆ ಕೇಂದ್ರ ನೇಮಿಸುವ ಕಮಿಷನರ್ ಇರುತ್ತಾರೆ. ಹಿಂದೆ ಅವರದೇ ದರ್ಬಾರು. ಈಗ ಸಚಿವರ ಸಲಹೆಯಂತೆ ಅಂಕಿತ ಹಾಕುವುದಷ್ಟೇ ಕೆಲಸ.

ಹಾಗೆಂದು ಇವು ಗೊಂಬೆ ಸರ್ಕಾರಗಳಲ್ಲ. ನೂನಾವುಟ್ ಮತ್ತು ನಾರ್ತ್‌ವೆಸ್ಟ್ ಟೆರಿಟರೀಸ್ ಶಾಸನಸಭೆಗಳಲ್ಲಿ ಪಕ್ಷಗಳೇ ಇಲ್ಲ. ಎಲ್ಲರೂ ಪಕ್ಷೇತರರಾಗಿ ಗೆದ್ದು ಬರುತ್ತಾರೆ. ಸದಸ್ಯರೇ ಸೇರಿ ಮೊದಲು ಸ್ಪೀಕರ್, ಆಮೇಲೆ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯಂತೆ), ಕೊನೆಗೆ ಸಚಿವರನ್ನು ಗುಪ್ತ ಮತದಾನದಿಂದ ಆರಿಸುತ್ತಾರೆ. ಯಾರು ಸಚಿವರೆಂಬುದು ಪ್ರೀಮಿಯರ್ ಕೈಯಲ್ಲಿಲ್ಲ, ಖಾತೆ ಹಂಚಿಕೆಯಷ್ಟೇ ಅವರದು. ನಾರ್ತ್‌ವೆಸ್ಟ್‌ನ 19 ಸದಸ್ಯರಲ್ಲಿ ಸ್ಪೀಕರ್ ಒಬ್ಬರು, ಸಂಪುಟ 7, ಉಳಿದವರು 11. ಅಂದರೆ ಸಂಪುಟ ಯಾವತ್ತೂ ಅಲ್ಪಮತದಲ್ಲೇ! ಬಜೆಟ್ ಪಾಸಾಗಬೇಕಾದರೆ ಆ ಹನ್ನೊಂದರಲ್ಲಿ ಕೆಲವರನ್ನಾದರೂ ಒಲಿಸಿಕೊಳ್ಳಲೇಬೇಕು. ವಿಪ್ ಇಲ್ಲ, ರೆಸಾರ್ಟ್ ರಾಜಕೀಯಕ್ಕೆ ಪಕ್ಷವೇ ಇಲ್ಲ. ಎಡವಿದರೆ ಕುರ್ಚಿ ಹೋಗುವುದೂ ಅಷ್ಟೇ ಬೇಗ: ನೂನಾವುಟ್‌ನಲ್ಲಿ 2017ರ ನವೆಂಬರಿನಲ್ಲಿ ಪ್ರೀಮಿಯರ್ ಆದ ಪಾಲ್ ಕ್ವಾಸಾ ಅವರನ್ನು 2018ರ ಜೂನ್‌ನಲ್ಲಿ ಸದಸ್ಯರೇ ಅವಿಶ್ವಾಸ ಮತದಿಂದ ಇಳಿಸಿದರು.

ಹಾಗಾದರೆ ನೂನಾವುಟ್‌ಗೆ ಪ್ರಾಂತ್ಯದ ಸ್ಥಾನ ಕೊಟ್ಟುಬಿಡಬಹುದಲ್ಲ? ನಮ್ಮಲ್ಲಿ 3ನೇ ವಿಧಿಯಡಿ ಸಂಸತ್ತು ಸರಳ ಬಹುಮತದಿಂದ ಹೊಸ ರಾಜ್ಯ ಮಾಡಬಹುದು. 2014ರಲ್ಲಿ ತೆಲಂಗಾಣ ಹುಟ್ಟಿದ್ದು ಹಾಗೆಯೇ. ಕೆನಡಾದಲ್ಲಿ 1982ರಿಂದ ಹೊಸ ಪ್ರಾಂತ್ಯಕ್ಕೆ ಸಂಸತ್ತಿನ ಜೊತೆ 10ರಲ್ಲಿ 7 ಪ್ರಾಂತ್ಯಗಳ ಶಾಸನಸಭೆಗಳೂ ಒಪ್ಪಬೇಕು, ಆ ಏಳರಲ್ಲಿ ಎಲ್ಲ ಪ್ರಾಂತ್ಯಗಳ ಒಟ್ಟು ಜನಸಂಖ್ಯೆಯ ಅರ್ಧವಾದರೂ ಇರಬೇಕು. ಆ ಎಣಿಕೆಯಲ್ಲಿ ನೂನಾವುಟ್ ಸಭೆಗೆ ಮತವಿಲ್ಲ.