ನಾಮಿನಿಯ ಹೆಸರಿಗಿಂತ ಸಂಬಂಧದ ಕಾಲಂ ಮುಖ್ಯ: ಸೆಕ್ಷನ್ 39ರ ಟಿಪ್ಪಣಿ

ಮುಂಬೈಯಲ್ಲಿ ಕೂತು ಐಸಿ-38 ಪುಸ್ತಕ ಹಿಡಿದು ವಿಮಾ ಏಜೆಂಟ್ ಪರೀಕ್ಷೆಗೆ ಓದುತ್ತಿರುವ ನಮ್ಮವರಿಗಾಗಿ ಈ ಟಿಪ್ಪಣಿ. ನಾಮಿನೇಶನ್ ಪಾಠ ಚಿಕ್ಕದು, ಸುಲಭ ಅಂತ ಹೆಚ್ಚಿನವರು ಹಾರಿಸಿಬಿಡುತ್ತಾರೆ. ಆದರೆ ಪಾಸಾಗಿ ಪಾಲಿಸಿ ಮಾರಲು ಹೊರಟ ಮೇಲೆ ಗಿರಾಕಿಯ ಮನೆಯವರು ಮೊದಲು ಕೇಳುವುದೇ ಇದನ್ನು: ದುಡ್ಡು ಕೊನೆಗೆ ಯಾರ ಕೈಗೆ?

ಉತ್ತರ ಇರುವುದು 1938ರ ವಿಮಾ ಕಾಯ್ದೆಯ ಸೆಕ್ಷನ್ 39ರಲ್ಲಿ. ತನ್ನ ಜೀವದ ಮೇಲೆ ಪಾಲಿಸಿ ಮಾಡಿಸಿದವರು, ತಾನು ಸತ್ತರೆ ಹಣ ಯಾರಿಗೆ ಕೊಡಬೇಕು ಅಂತ ಹೆಸರು ಬರೆಸಬಹುದು. ಪಾಲಿಸಿ ಮಾಡುವಾಗಲೇ ಬರೆಸಬಹುದು, ಮೆಚ್ಯೂರ್ ಆಗುವ ಮೊದಲು ಯಾವಾಗ ಬೇಕಾದರೂ ಬರೆಸಬಹುದು. ಒಬ್ಬರಿಗಿಂತ ಜಾಸ್ತಿ ಜನರನ್ನೂ ಹಾಕಬಹುದು. ಇಷ್ಟು ಎಲ್ಲರಿಗೂ ಗೊತ್ತು.

ಈಗ ಒಂದು ಉದಾಹರಣೆ ಊಹಿಸಿಕೊಳ್ಳಿ. ಮಾಟುಂಗಾದ ಹೋಟೆಲ್‌ನಲ್ಲಿ ಗಲ್ಲಾ ನೋಡಿಕೊಳ್ಳುವವರು, ಊರು ಕುಂದಾಪುರ ಕಡೆ. ಮದುವೆಗೆ ಮೊದಲೇ ಪಾಲಿಸಿ ಮಾಡಿಸಿದ್ದಾರೆ. ಅಳಿಯಸಂತಾನದ ಮನೆತನ. ಕಾನೂನು ಬದಲಾದರೂ ಅಕ್ಕನ ಮಗನೇ ಮುಂದಿನ ವಾರಸುದಾರ ಎಂಬ ಭಾವನೆ ಮನೆಯಲ್ಲಿ ಹೋಗಿಲ್ಲ. ಹಾಗಾಗಿ ಫಾರ್ಮಿನಲ್ಲಿ ಸೋದರಳಿಯನ ಹೆಸರು, ಪಕ್ಕದ ಸಂಬಂಧದ ಕಾಲಂನಲ್ಲಿ ‘ನೆಫ್ಯೂ’. ಆಮೇಲೆ ಮದುವೆ ಆಯಿತು, ಮಗಳು ಹುಟ್ಟಿದಳು. ಪಾಲಿಸಿ ಗೋದ್ರೇಜ್ ಬೀರುವಿನಲ್ಲಿ ಇದ್ದ ಹಾಗೇ ಇದೆ.

ಅವರು ತೀರಿಕೊಂಡರೆ ಕಂಪನಿ ಹಣ ಕೊಡುವುದು ಸೋದರಳಿಯನಿಗೇ. ಅಲ್ಲಿಗೆ ಕಂಪನಿಯ ಜವಾಬ್ದಾರಿ ಮುಗಿಯಿತು. ಆದರೆ ಆ ಹಣ ಅವನದ್ದಲ್ಲ! ಅವನು ಬರೀ ಕೈಯೊಡ್ಡಿ ತೆಗೆದುಕೊಂಡವನು. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಪ್ರಕಾರ ಮೊದಲ ವರ್ಗದ ವಾರಸುದಾರರು ಹೆಂಡತಿ, ಮಕ್ಕಳು ಮತ್ತು ತಾಯಿ. ಉಯಿಲು ಇಲ್ಲದಿದ್ದರೆ ಅವರು ಕೇಳಿದಾಗ ಅವನು ಕೊಡಲೇಬೇಕು. 1984ರಲ್ಲಿ ಸರ್ಬತಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ನಾಮಿನಿ ಎಂದರೆ ಹಣ ಪಡೆಯಲು ಹಕ್ಕಿರುವವರು, ಮಾಲೀಕರಲ್ಲ. ಆಗ ಹೆಂಡತಿಯೇ ನಾಮಿನಿ ಆಗಿದ್ದರೂ ಲೆಕ್ಕ ಇಷ್ಟೇ.

ಇದನ್ನು ಬದಲಿಸಿದ್ದು 2015ರ ತಿದ್ದುಪಡಿ. ಇದು ಹಿಂದಿನ ದಿನಾಂಕದಿಂದಲೇ, ಅಂದರೆ 2014ರ ಡಿಸೆಂಬರ್ 26ರಿಂದ ಜಾರಿಯಾಗಿದೆ. ಅಪ್ಪ, ಅಮ್ಮ, ಗಂಡ ಅಥವಾ ಹೆಂಡತಿ, ಮಕ್ಕಳು: ಇವರಲ್ಲಿ ಯಾರನ್ನಾದರೂ ನಾಮಿನಿ ಮಾಡಿದರೆ, ಆ ಹಣ ಅವರ ಸ್ವಂತಕ್ಕೇ ಸೇರುತ್ತದೆ ಎಂದು ಸೆಕ್ಷನ್ 39(7) ಹೇಳುತ್ತದೆ. ಪುಸ್ತಕದ ಭಾಷೆಯಲ್ಲಿ ಇವರು ‘ಬೆನಿಫಿಶಿಯಲ್ ನಾಮಿನಿ’. ಅಣ್ಣ, ತಮ್ಮ, ಅಕ್ಕ, ತಂಗಿ, ಸೋದರಳಿಯ, ಸೊಸೆ, ಗೆಳೆಯ, ಯಾರೂ ಈ ಪಟ್ಟಿಯಲ್ಲಿಲ್ಲ. ಅಪ್ಪನನ್ನು ಗಮನಿಸಿ. ಉತ್ತರಾಧಿಕಾರ ಕಾಯ್ದೆಯ ಮೊದಲ ವರ್ಗದಲ್ಲಿ ಅವರಿಲ್ಲ, ಇಲ್ಲಿ ಇದ್ದಾರೆ. ಅದಕ್ಕೇ ಹೇಳಿದ್ದು, ಫಾರ್ಮ್ ತುಂಬುವಾಗ ಹೆಸರಿನ ಕಾಗುಣಿತಕ್ಕಿಂತ ಸಂಬಂಧದ ಕಾಲಂ ಮೇಲೆ ಕಣ್ಣಿರಲಿ.

ಪರೀಕ್ಷೆಗೆ ಇಷ್ಟು ಸಾಕು. ಆದರೆ ಗಿರಾಕಿಯ ಎದುರು ಇನ್ನೊಂದು ಮಾತು ಗೊತ್ತಿರಬೇಕು. ಕರ್ನಾಟಕ ಹೈಕೋರ್ಟ್‌ನ ಧಾರವಾಡ ಪೀಠಕ್ಕೆ ಒಂದು ಪ್ರಕರಣ ಬಂದಿತ್ತು. ಮದುವೆಗೆ ಮೊದಲು ತಾಯಿಯನ್ನು ನಾಮಿನಿ ಮಾಡಿದ್ದ ವ್ಯಕ್ತಿ, ಹೆಂಡತಿ ಮತ್ತು ಪುಟ್ಟ ಮಗುವನ್ನು ಬಿಟ್ಟು ತೀರಿಕೊಂಡಿದ್ದರು. 39(7)ರ ಪ್ರಕಾರ ಎಲ್ಲವೂ ತಾಯಿಗೇ, ಅಲ್ವಾ? ಇಲ್ಲ ಎಂದಿತು 2025ರ ತೀರ್ಪು. ವಾರಸುದಾರರು ಪಾಲು ಕೇಳಿದರೆ ಉತ್ತರಾಧಿಕಾರ ಕಾನೂನೇ ಮೇಲು ಎಂದು, ತಾಯಿ, ಹೆಂಡತಿ, ಮಗು ಮೂವರಿಗೂ ಸಮಪಾಲು ಕೊಟ್ಟಿತು. ಈ ತೀರ್ಪು ಮುಂಬೈಯ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ನಿಜ. ಆದರೂ ‘ನಾಮಿನಿ ಹಾಕಿದ್ದೀರಿ, ಇನ್ನು ಚಿಂತೆ ಬೇಡ’ ಎಂದು ಭರವಸೆ ಕೊಡುವ ಏಜೆಂಟ್ ಆಗಬೇಡಿ. ಜೊತೆಗೊಂದು ಉಯಿಲು ಮಾಡಿಸಿ ಎನ್ನುವುದು ಒಳ್ಳೆಯದು.

ಬದಲಾವಣೆ ಹೇಗೆ? ಲಿಖಿತವಾಗಿ ಕಂಪನಿಗೆ ತಿಳಿಸಬೇಕು, ಅದು ಕಂಪನಿಯ ದಾಖಲೆಯಲ್ಲಿ ನೋಂದಣಿ ಆಗಬೇಕು. ಹಳೆಯ ನಾಮಿನಿಯ ಒಪ್ಪಿಗೆಯಾಗಲಿ ಸಹಿಯಾಗಲಿ ಬೇಕಿಲ್ಲ. ನೋಂದಣಿ ಮಾಡಿಕೊಂಡದ್ದಕ್ಕೆ ಕಂಪನಿ ಲಿಖಿತ ಸ್ವೀಕೃತಿ ಕೊಡಬೇಕು. ಅದನ್ನು ಪಾಲಿಸಿ ಜೊತೆಗೇ ಇಡಲು ಹೇಳಿ. ಕೌಂಟರ್‌ನಲ್ಲಿ ಫಾರ್ಮ್ ಕೊಟ್ಟು ಬಂದ ಮಾತ್ರಕ್ಕೆ ಕೆಲಸ ಆಯಿತು ಅಂತ ಅಲ್ಲ.

ಇಲ್ಲಿ ನೌಕರಿಯವರು ಪಿಎಫ್ ಜೊತೆ ಗೊಂದಲ ಮಾಡಿಕೊಳ್ಳುತ್ತಾರೆ. ಪಿಎಫ್‌ನಲ್ಲಿ ಮದುವೆಯಾದರೆ ಹಳೆಯ ನಾಮಿನೇಶನ್ ತಾನಾಗಿಯೇ ಬಿದ್ದುಹೋಗುತ್ತದೆ, ಹೊಸದು ಮಾಡಬೇಕು. ಜೀವವಿಮೆಯಲ್ಲಿ ಹಾಗಿಲ್ಲ. ಮದುವೆಯಾಗಲಿ, ಡೈವೋರ್ಸ್ ಆಗಲಿ, ನೀವು ಬದಲಿಸುವ ತನಕ ಹಳೆಯ ಹೆಸರೇ. ಡೈವೋರ್ಸ್ ಆದವರನ್ನು ಈ ಪ್ರಶ್ನೆ ಕೇಳಲು ಮುಜುಗರ ಆಗುತ್ತದೆ, ಆದರೂ ಕೇಳಿ.

ನಾಮಿನಿ ಮೈನರ್ ಆಗಿದ್ದರೆ, ಅವರ ಪರವಾಗಿ ಹಣ ಪಡೆಯಲು ಒಬ್ಬ ಅಪಾಯಿಂಟಿ ಬೇಕು. ಮಗುವಿಗೆ 18 ತುಂಬಿದ ಮೇಲೆ ಅವರ ಪಾತ್ರ ಮುಗಿಯಿತು.

ಅಸೈನ್‌ಮೆಂಟ್, ಅಂದರೆ ಪಾಲಿಸಿಯ ಹಕ್ಕನ್ನೇ ಬೇರೆಯವರಿಗೆ ವರ್ಗಾಯಿಸುವುದು, ಬೇರೆ ವಿಷಯ, ಅದು ಸೆಕ್ಷನ್ 38. ಪಾಲಿಸಿಯನ್ನು ಬೇರೆಯವರಿಗೆ ಅಸೈನ್ ಮಾಡಿದರೆ ನಾಮಿನೇಶನ್ ರದ್ದು. ಸಾಲಕ್ಕಾಗಿ ಅಸೈನ್ ಮಾಡಿದ್ದರೆ ಮಾತ್ರ ರದ್ದಿಲ್ಲ. ಡೊಂಬಿವಲಿಯಲ್ಲಿ ಫ್ಲ್ಯಾಟ್ ತೆಗೆದುಕೊಂಡವರು ಬ್ಯಾಂಕಿಗೆ ಪಾಲಿಸಿ ಅಸೈನ್ ಮಾಡುತ್ತಾರಲ್ಲ, ಅಲ್ಲಿ ಬ್ಯಾಂಕ್ ತನ್ನ ಬಾಕಿ ಹಿಡಿದುಕೊಳ್ಳುತ್ತದೆ, ಉಳಿದದ್ದು ನಾಮಿನಿಗೆ.

ಇಷ್ಟೆಲ್ಲದಕ್ಕೂ ಹೊರಗೆ ನಿಲ್ಲುವುದು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಮಾಡಿದ ಪಾಲಿಸಿ. ಇದಕ್ಕೆ ಸೆಕ್ಷನ್ 39 ಅನ್ವಯಿಸುವುದೇ ಇಲ್ಲ. ಗಂಡ ತನ್ನ ಜೀವದ ಮೇಲೆ, ಹೆಂಡತಿ ಅಥವಾ ಮಕ್ಕಳ ಲಾಭಕ್ಕೆಂದು ಪಾಲಿಸಿ ಮಾಡುವಾಗಲೇ ಬರೆಸಿದರೆ ಅದು ಟ್ರಸ್ಟ್, ಅಂದರೆ ಅವರಿಗಾಗಿಯೇ ಕಾದಿರಿಸಿದ ಹಣ, ಆಗುತ್ತದೆ. ಗಂಡನಿಗೆ ಸಾಲ ಕೊಟ್ಟವರು ಸಾಮಾನ್ಯವಾಗಿ ಅದನ್ನು ಮುಟ್ಟುವಂತಿಲ್ಲ, ವಾರಸುದಾರರು ಪಾಲು ಕೇಳುವಂತಿಲ್ಲ. ಗಂಡ ಮನಸ್ಸು ಬದಲಿಸಿ ಬೇರೆ ಹೆಸರು ಹಾಕುವಂತೆಯೂ ಇಲ್ಲ. ಹೋಟೆಲ್ ಧಂದೆಗೆ ಸಾಲ ಎತ್ತಿದವರಿಗೆ ನನ್ನ ಪ್ರಕಾರ ಇದಕ್ಕಿಂತ ಭದ್ರವಾದ ದಾರಿ ಇಲ್ಲ. ನಮ್ಮ ಏಜೆಂಟರು ಇದರ ಹೆಸರೇ ಎತ್ತುವುದಿಲ್ಲ, ಅದು ಬೇಸರ.

ಅಭ್ಯಾಸಕ್ಕೆ ಎರಡು ಪ್ರಶ್ನೆ.

ಹೆಂಡತಿ ನಾಮಿನಿ. ಗಂಡ ತೀರಿಕೊಂಡರು. ಕ್ಲೇಮ್ ಹಣ ಬರುವ ಮೊದಲೇ ಹೆಂಡತಿಯೂ ತೀರಿಕೊಂಡರು. ಹಣ ಯಾರಿಗೆ? ಹೆಂಡತಿಯ ವಾರಸುದಾರರಿಗೆ. ಗಂಡನಿಗಿಂತ ಮೊದಲೇ ಹೆಂಡತಿ ಹೋಗಿದ್ದು, ಬೇರೆ ನಾಮಿನಿ ಇಲ್ಲದಿದ್ದರೆ ಗಂಡನ ವಾರಸುದಾರರಿಗೆ.

ಉಯಿಲಿನಲ್ಲಿ ನಾಮಿನಿ ಬದಲಿಸಿದರು, ಕಂಪನಿಗೆ ತಿಳಿಸಲಿಲ್ಲ. ಕಂಪನಿ ಹಳೆಯ ನಾಮಿನಿಗೆ ಹಣ ಕೊಟ್ಟಿತು. ಕಂಪನಿಯದು ತಪ್ಪಾ? ಅಲ್ಲ. ಉಯಿಲಿನಿಂದ ಬದಲಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಲಿಖಿತ ಸೂಚನೆ ಕೈಸೇರದೆ, ದಾಖಲೆಯಲ್ಲಿದ್ದ ಹೆಸರಿಗೆ ಪ್ರಾಮಾಣಿಕವಾಗಿ ಪಾವತಿಸಿದ ಕಂಪನಿಯಿಂದ ಎರಡನೇ ಸಲ ಹಣ ಕೇಳುವಂತಿಲ್ಲ.