ಸ್ಟೇಜ್ ಕತ್ತಲಾದಾಗ ಸ್ಟೀಲ್ ಗಿಟಾರಿನ ಗೆರೆ ಕಾಣುವುದು ಹೇಗೆ?

ಪ್ರಶ್ನೆ: ನಾನು ಹವಾಯಿಯನ್ ಗಿಟಾರ್ ನುಡಿಸುತ್ತೇನೆ, ಅಂದರೆ ಮಲಗಿಸಿಕೊಂಡು ತಂತಿಯ ಮೇಲೆ ಸ್ಟೀಲ್ ಬಾರ್ ಜಾರಿಸಿ ನುಡಿಸುವ ಸ್ಟೀಲ್ ಗಿಟಾರ್. ಮನೆಯಲ್ಲಿ ಚೆನ್ನಾಗಿಯೇ ಬರುತ್ತದೆ. ಸ್ಟೇಜ್ ಮೇಲೆ ಲೈಟ್ ಕಡಿಮೆ ಮಾಡಿದ ತಕ್ಷಣ ಸ್ವರದ ಜಾಗ ತೋರಿಸುವ ಫ್ರೆಟ್ ಗೆರೆಗಳೇ ಕಾಣುವುದಿಲ್ಲ, ಸ್ವರ ತಪ್ಪುತ್ತದೆ. ರೇಡಿಯಂ ಸ್ಟಿಕ್ಕರ್ ಅಂಟಿಸಿದರೆ ಸಾಕಾ?

ಉತ್ತರ: ಸಾಕಾಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. ಅದಕ್ಕೆ ಮುಂಚೆ ನನ್ನ ಮಾನ ಹೋದ ಕಥೆ ಕೇಳಿ.

ಒಂದು ಗಣೇಶೋತ್ಸವದ ಆರ್ಕೆಸ್ಟ್ರಾ. ಹಳೇ ಸಿನಿಮಾ ಹಾಡು, ಪಲ್ಲವಿ ಮುಗಿದ ಮೇಲೆ ಗಿಟಾರ್ ಪೀಸ್ ನನ್ನದು. ಸರಿಯಾಗಿ ಅದೇ ಹೊತ್ತಿಗೆ ಲೈಟಿನವನು ಎಲ್ಲ ಆರಿಸಿ ಬರೀ ನೀಲಿ ಬಿಟ್ಟ. ಕೆಳಗೆ ನೋಡಿದರೆ ಗೆರೆಗಳು ಮಾಯ. ಮುತ್ತಿನ ಬಣ್ಣದ ಚುಕ್ಕಿಗಳು ಮಾತ್ರ ಮಿಣಮಿಣ ಅನ್ನುತ್ತಿದ್ದವು. ಏಳನೇ ಫ್ರೆಟ್ ಬೇಕಿತ್ತು, ಚುಕ್ಕಿ ನೋಡಿಕೊಂಡು ಬಾರ್ ಇಟ್ಟೆ. ಕೀಬೋರ್ಡಿನವನು ತಲೆ ಎತ್ತಿ ನೋಡಿದ. ಹಾಡು ಮುಗಿದ ಮೇಲೆ ಕೇಳಿದ: "ಏನ್ ಸಾರ್, ಹೊಸ ರಾಗಾನಾ?"

ಆಗಿದ್ದು ಇಷ್ಟೇ. ಮಾಮೂಲಿ ಗಿಟಾರಿನಲ್ಲಿ ಬೆರಳು ಎರಡು ಫ್ರೆಟ್‌ಗಳ ನಡುವೆ ಕೂರುತ್ತದೆ. ಅದಕ್ಕೇ ಚುಕ್ಕಿಯೂ ನಡುವೆಯೇ ಇರುತ್ತದೆ. ಸ್ಟೀಲ್ ಗಿಟಾರಿನಲ್ಲಿ ಫ್ರೆಟ್ ಬರೀ ಗುರುತು. ತಂತಿ ಅದನ್ನು ಮುಟ್ಟುವುದೇ ಇಲ್ಲ, ಬಾರ್ ಗೆರೆಯ ನೇರ ಮೇಲೆ ನಿಲ್ಲಬೇಕು. ನಮ್ಮಲ್ಲಿ ಎಷ್ಟೋ ಜನ ನುಡಿಸುವುದು ಮಾಮೂಲಿ ಗಿಟಾರಿಗೆ ನಟ್ (ಎಡತುದಿಯಲ್ಲಿ ತಂತಿ ಕೂರುವ ಪಟ್ಟಿ) ಎತ್ತರಿಸಿ ಮಾಡಿಕೊಂಡದ್ದನ್ನೇ ತಾನೆ. ಕತ್ತಲಲ್ಲಿ ಬೇಡವಾದ ಚುಕ್ಕಿ ಕಾಣುತ್ತದೆ, ಬೇಕಾದ ಗೆರೆ ಕಾಣುವುದಿಲ್ಲ. ಚುಕ್ಕಿಯ ಮೇಲೆ ಬಾರ್ ಇಟ್ಟರೆ ಸ್ವರ ಎರಡು ಸ್ವರಸ್ಥಾನಗಳ ನಟ್ಟನಡುವೆ ಬೀಳುತ್ತದೆ. ಅತ್ತ ಮ ಅಲ್ಲ, ಇತ್ತ ಪ ಅಲ್ಲ.

ಹಾಗಾಗಿ ಮೊದಲ ಕೆಲಸಕ್ಕೆ ಖರ್ಚೇ ಇಲ್ಲ. ಚುಕ್ಕಿಗಳ ಮೇಲೆ ಕಪ್ಪು ಇನ್ಸುಲೇಶನ್ ಟೇಪ್ ಹಚ್ಚಿ ಮುಚ್ಚಿಬಿಡಿ. ಆಮೇಲೆ 5, 7, 12 ಹೀಗೆ ನಿಮಗೆ ಜಾಸ್ತಿ ಬೇಕಾಗುವ ಗೆರೆಗಳಿಗೆ ಮಾತ್ರ ಬಿಳಿ ಗುರುತು ಮಾಡಿ. ಎಲ್ಲಕ್ಕೂ ಮಾಡಿದರೆ ಯಾವುದು ಯಾವುದೆಂದು ಎಣಿಸುತ್ತಾ ಕೂರಬೇಕಾಗುತ್ತದೆ. ಕೆಂಪು, ನೀಲಿ ಅಂತ ಅಂದ ಮಾಡಲು ಹೋಗಬೇಡಿ. ನೀಲಿ ಲೈಟಿನಲ್ಲಿ ಕೆಂಪು ಗುರುತು ಕಪ್ಪಗೆ ಕಾಣುತ್ತದೆ, ಕೆಂಪು ಲೈಟಿನಲ್ಲಿ ನೀಲಿಗೂ ಅದೇ ಗತಿ. ಕಪ್ಪಿನ ಮೇಲಿನ ಬಿಳಿಗೆ ಮಾತ್ರ ಯಾವ ಬಣ್ಣದ ಲೈಟಾದರೂ ನಡೆಯುತ್ತದೆ. ಅಮೆರಿಕದ ಶೋ-ಬಡ್ ಕಂಪನಿಯ ಪೆಡಲ್ ಸ್ಟೀಲ್‌ಗಳಲ್ಲಿ (ಕಾಲಿನ ಪೆಡಲ್ ಇರುವ ಸ್ಟೀಲ್ ಗಿಟಾರ್) ಇಸ್ಪೀಟ್ ಎಲೆಯ ಗುರುತುಗಳಿರುತ್ತಿದ್ದವು. ನೋಡೋಕೆ ಬಲು ಚೆಂದ. ಕತ್ತಲಾದ ಮೇಲೆ ಆಟೀನೂ ಒಂದೇ, ಕಳಾವರೂ ಒಂದೇ.

ಈಗ ನಿಮ್ಮ ರೇಡಿಯಂ. ಗಾಡಿಗೆ ಅಂಟಿಸುವ ರೇಡಿಯಂ ತಾನಾಗಿ ಬೆಳಗುವುದಿಲ್ಲ. ಬೆಳಕು ಯಾವ ಕಡೆಯಿಂದ ಬಂತೋ ಆ ಕಡೆಗೇ ಅದನ್ನು ವಾಪಸ್ ಕಳಿಸುತ್ತದೆ. ರಸ್ತೆಯಲ್ಲಿ ಹೆಡ್‌ಲೈಟೂ ಡ್ರೈವರ್ ಕಣ್ಣೂ ಹೆಚ್ಚುಕಮ್ಮಿ ಒಂದೇ ಕಡೆ ಇರುತ್ತವೆ, ಅದಕ್ಕೇ ಅಲ್ಲಿ ಫಳಫಳ ಅನ್ನುತ್ತದೆ. ಸ್ಟೇಜಿನಲ್ಲಿ ಲೈಟ್ ಮೇಲೆಲ್ಲೋ ಕಂಬದ ಮೇಲೆ. ಹೊಳಪೆಲ್ಲ ಆ ಕಂಬಕ್ಕೇ ಹೋಗುತ್ತದೆ, ನಿಮಗೆ ಬರುವುದಿಲ್ಲ. ಬೆಳಕು ಕುಡಿದು ಕತ್ತಲಲ್ಲಿ ಹಸಿರಾಗಿ ಹೊಳೆಯುವ ಟೇಪ್ ಬೇರೆ. ಅದು ಸ್ವಲ್ಪ ಪರವಾಗಿಲ್ಲ. ಹಾಡಿಗೆ ಮುಂಚೆ ಮೊಬೈಲ್ ಟಾರ್ಚ್ ಹಿಡಿದರೆ ಮೊದಮೊದಲು ಚೆನ್ನಾಗಿ ಹೊಳೆದು, ಬೇಗ ಮಂಕಾಗುತ್ತದೆ. ಅದನ್ನೇ ನಂಬಿ ಕೂರುವಂತಿಲ್ಲ.

ನಂಬಬೇಕಾದದ್ದು ನಿಮ್ಮದೇ ಒಂದು ದೀಪ. ಅದನ್ನು ಎಲ್ಲಿಡುತ್ತೀರಿ ಅನ್ನುವುದೇ ಮುಖ್ಯ. ಎಡಗಡೆಯಿಂದಲೋ ಬಲಗಡೆಯಿಂದಲೋ ಬೆಳಕು ಬಿದ್ದರೆ ಬಾರ್‌ನ ನೆರಳು ಪಕ್ಕದ ಜಾಗಕ್ಕೆ ಬೀಳುತ್ತದೆ. ಮಂದ ಬೆಳಕಿನಲ್ಲಿ ಕಣ್ಣು ಬಾರ್ ಬಿಟ್ಟು ನೆರಳನ್ನೇ ಗೆರೆಗೆ ಕೂರಿಸುತ್ತದೆ. ಒಂದು ಗಿಡ್ಡ ದೀಪದ ಬದಲು ಉದ್ದನೆಯ ಎಲ್ಇಡಿ ಪಟ್ಟಿ ತಗೊಳ್ಳಿ. ಫ್ರೆಟ್‌ಬೋರ್ಡಿನ ಆಚೆ ಬದಿಯಲ್ಲಿ, ಜನರಿಗೆ ಕಾಣದಂತೆ ಮರೆ ಮಾಡಿ ನಿಲ್ಲಿಸಿ. ಆಗ ನೆರಳು ಅಕ್ಕಪಕ್ಕ ಹೋಗದೆ ಗೆರೆಯುದ್ದಕ್ಕೂ ನಿಮ್ಮ ಕಡೆ ಬರುತ್ತದೆ. ಬೆಳಕು ಜಾಸ್ತಿಯಾದರೂ ಕಷ್ಟ, ಹೊಳಪಿನ ಬಾರ್ ಕಣ್ಣಿಗೆ ಚುಚ್ಚುತ್ತದೆ. ಡಿಮ್ಮರ್ ಬೇಡ, ಎಷ್ಟೋ ಡಿಮ್ಮರ್‌ಗಳ ಸದ್ದು ತಂತಿಯ ಸ್ವರ ಹಿಡಿಯುವ ಪಿಕಪ್‌ಗೆ ಹತ್ತಿ ಆಂಪ್‌ನಲ್ಲಿ ಗುಂಯ್ ಅನ್ನುತ್ತದೆ. ಪಟ್ಟಿಯ ಮೇಲೆ ಎರಡು ಪದರ ಹಳದಿ ಜಿಲೇಟಿನ್ ಕಾಗದ ಸುತ್ತಿದರೆ ಮುಗಿಯಿತು. ಕರೆಂಟಿಗೆ ಪವರ್ ಬ್ಯಾಂಕ್. ಆದರೆ ಒಂದು ಮಾತು. ದೀಪ ತೀರಾ ಚಿಕ್ಕದಾದರೆ ಎಷ್ಟೋ ಪವರ್ ಬ್ಯಾಂಕ್‌ಗಳು "ಯಾರೂ ಇಲ್ಲ" ಅಂದುಕೊಂಡು ತಾವೇ ಆಫ್ ಆಗುತ್ತವೆ. ಮನೆಯಲ್ಲೇ ಒಂದು ಗಂಟೆ ಉರಿಸಿ ನೋಡಿ.

ಬೆಳಕಿದ್ದೂ ಸ್ವರ ತಪ್ಪುತ್ತಿದ್ದರೆ ನಿಮ್ಮ ತಲೆ ಎಲ್ಲಿದೆ ನೋಡಿಕೊಳ್ಳಿ. ತಮಾಷೆ ಅಲ್ಲ, ಲೆಕ್ಕ ಹಾಕೋಣ. ತಂತಿ ಬೋರ್ಡಿನಿಂದ ಒಂದು ಸೆಂಟಿಮೀಟರ್ ಮೇಲಿದೆ ಅನ್ನಿ. ಕಣ್ಣು ತಂತಿಯಿಂದ 50 ಸೆಂ.ಮೀ. ಮೇಲೆ, ಬಾರ್ ಇರುವ ಜಾಗದಿಂದ 25 ಸೆಂ.ಮೀ. ಬಲಕ್ಕೆ. ಆಗ ಬಾರ್ ಗೆರೆಯ ಮೇಲೆ ಕೂತಂತೆ ಕಂಡರೂ ನಿಜದಲ್ಲಿ 5 ಮಿ.ಮೀ. ಬಲಕ್ಕೆ, ಬ್ರಿಡ್ಜ್ ಕಡೆಗಿರುತ್ತದೆ. ತಂತಿಯ ಉದ್ದ 648 ಮಿ.ಮೀ. ಇರುವ ಗಿಟಾರಿನಲ್ಲಿ ಮೊದಲ ಫ್ರೆಟ್‌ನ ಜಾಗ 36 ಮಿ.ಮೀ. ಅಗಲ, 12ನೆಯ ಫ್ರೆಟ್ ಹತ್ತಿರ ಸುಮಾರು 19 ಮಾತ್ರ. ಅಲ್ಲಿ 5 ಮಿ.ಮೀ. ಅಂದರೆ ಕಾಲು ಭಾಗಕ್ಕಿಂತ ಜಾಸ್ತಿ. ಬಾರ್ ಹೋದ ಕಡೆ ತಲೆಯೂ ಸ್ವಲ್ಪ ಹೋಗಬೇಕು. ಮನೆಯಲ್ಲಿ ಇದು ಗೊತ್ತಿಲ್ಲದೆಯೇ ಆಗುತ್ತಿರುತ್ತದೆ, ಸ್ಟೇಜಿನಲ್ಲಿ ಮೈ ಬಿಗಿಯಾಗಿ ನಿಂತುಹೋಗುತ್ತದೆ.

ಇನ್ನು ವಯಸ್ಸು. ಅರವತ್ತರ ಹೊತ್ತಿಗೆ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರಲ್ಲಿದ್ದದ್ದರ ಸುಮಾರು ಮೂರನೇ ಒಂದು ಭಾಗ. ಮುಖಕ್ಕೆ ಸ್ಪಾಟ್‌ಲೈಟ್ ಬಿದ್ದು ಆರಿದ ಮೇಲಂತೂ ಯಾರಿಗೇ ಆದರೂ ಕಣ್ಣು ಪೂರ್ತಿ ಕತ್ತಲಿಗೆ ಒಗ್ಗಲು 20ರಿಂದ 30 ನಿಮಿಷ ಬೇಕು. ಓದುವ ಕನ್ನಡಕ ತೀರಾ ಹತ್ತಿರಕ್ಕೆ, ದೂರದ್ದು ತೀರಾ ದೂರಕ್ಕೆ. ಫ್ರೆಟ್‌ಬೋರ್ಡ್ ಇರುವುದು ಎರಡರ ನಡುವೆ. ಕಣ್ಣಿನ ಡಾಕ್ಟರ ಹತ್ತಿರ ಗಿಟಾರಿನ ದೂರವನ್ನು ಅಳತೆ ಮಾಡಿಕೊಂಡೇ ಹೋಗಿ.

"ಗೋಟುವಾದ್ಯದವರು ಫ್ರೆಟ್ಟೇ ಇಲ್ಲದೆ ನುಡಿಸುತ್ತಾರಲ್ಲ" ಅಂತ ಯಾರಾದರೂ ನಿಮ್ಮನ್ನು ಕೇಳೇ ಕೇಳುತ್ತಾರೆ. ಹೌದು, ವೀಣೆಯಂಥ ಆ ವಾದ್ಯವನ್ನು ಹಾಗೇ ನುಡಿಸುತ್ತಾರೆ. ಅಲ್ಲಿ ಸ್ವರಕ್ಕೆ ಜಾರಿಕೊಂಡು ಬರುವುದೇ ಸಂಗೀತ. ಗಮಕದ ದಾರಿಯಲ್ಲಿ ಕಿವಿ ತಿದ್ದಿಕೊಳ್ಳುತ್ತದೆ. ಜೊತೆಗೆ ವರ್ಷಗಟ್ಟಲೆ ಸಾಧನೆ. ಸಿನಿಮಾ ಹಾಡಿನಲ್ಲಿ ಮೂರನೇ ಫ್ರೆಟ್‌ನಿಂದ ಹನ್ನೆರಡಕ್ಕೆ ಒಂದೇ ನೆಗೆತ, ಪಕ್ಕದಲ್ಲಿ ಕೀಬೋರ್ಡ್ ಬೇರೆ. ಇಳಿದ ಮೇಲೆ ಕಿವಿ ತಿದ್ದುತ್ತದೆ ನಿಜ, ಆದರೆ ಇಳಿಯುವ ಜಾಗ ತೋರಿಸುವುದು ಕಣ್ಣೇ. ಹಾಗಂತ ಮನೆಯಲ್ಲಿ ದೀಪ ಆರಿಸಿ ಆ ಒಂದು ನೆಗೆತವನ್ನು ಅಭ್ಯಾಸ ಮಾಡುವುದರಲ್ಲಿ ನಷ್ಟವೇನೂ ಇಲ್ಲ. ಮೊಣಕೈಗೂ ಸ್ವಲ್ಪ ನೆನಪಿರುತ್ತದೆ.

ಮತ್ತೆ, ಸೌಂಡ್ ಚೆಕ್ ಹಗಲಲ್ಲೇ ಮುಗಿದುಹೋಗುತ್ತದೆ, ಅಲ್ವಾ? ಕತ್ತಲಾದ ಮೇಲೆ, ಕಾರ್ಯಕ್ರಮ ಶುರುವಾಗುವ ಮುಂಚೆ ಲೈಟಿನವರ ಹತ್ತಿರ ಹೋಗಿ. "ಅಣ್ಣ, ಒಂದೇ ಒಂದು ನಿಮಿಷ ಎಲ್ಲ ಆಫ್ ಮಾಡಿ, ಬರೀ ನೀಲಿ ಬಿಡಿ" ಅನ್ನಿ. ನಾನು ಈಗ ಪ್ರತಿ ಸಲ ಕೇಳುತ್ತೇನೆ. ಇದುವರೆಗೆ ಯಾರೂ ಇಲ್ಲ ಅಂದಿಲ್ಲ.